ಬೈದು ಬರೆದವರಿಗೆ ಉತ್ತರಿಸುವ ಸ್ಟಾರಕ್ಕ

ಬೆಳಗಿನ ಐದೂ ಮುಕ್ಕಾಲು. ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿಕೊಡುವ ಕಾರ್ಖಾನೆಯ ಹಿಂಬಾಗಿಲಿನಿಂದ ರಾತ್ರಿ ಪಾಳಿಯವರು ಆಕಳಿಸುತ್ತಾ ಹೊರಬೀಳುತ್ತಿದ್ದಾರೆ. ಅವರಿಗೆ ಎದುರಾಗಿ ಒಳಗೆ ಹೋಗುತ್ತಿರುವುದು ಐವತ್ತೆರಡು ವರ್ಷದ ಹೆಂಗಸು ಒಬ್ಬರೇ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯ ಬೀಗ ತೆಗೆದು, ಕಿಟಕಿ ತೆರೆದು, ಕಂಪ್ಯೂಟರ್ ಹಾಕಿ, ಸೆರಗಿನ ತುದಿಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾರೆ. ಪರದೆಯ ಮೇಲೆ ಹೊಸದೊಂದು ಬಂದು ಕೂತಿದೆ. ಐದರಲ್ಲಿ ಒಂದೇ ಸ್ಟಾರ್. ಅದರ ಕೆಳಗೆ: 'ಊಟದ ಕೋಣೆಯಲ್ಲಿ ಕೂರಲು ಜಾಗವಿಲ್ಲ. ನಿಂತುಕೊಂಡೇ ತಿನ್ನಬೇಕು. ಈ ಕಂಪನಿಗೆ ಯಾರೂ ಸೇರಬೇಡಿ.'

ಬೇರೆಯವರಾಗಿದ್ದರೆ ಬೆಳಬೆಳಗ್ಗೆಯೇ ಬೈಗುಳ ಓದಿ ಮುಖ ಸಿಂಡರಿಸುತ್ತಿದ್ದರು. ಇವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಇನ್ನೊಮ್ಮೆ ಓದುತ್ತಾರೆ. "ಇದು ಹೊಟ್ಟೆ ಹಸಿದಿದ್ದಾಗ ಬರ್ದಿರೋದು," ಎನ್ನುತ್ತಾರೆ. "ಹಸಿದವರು ಸುಳ್ಳು ಬರೆಯೋದು ಕಡಿಮೆ."

ಕಂಪನಿಯಲ್ಲಿ ದುಡಿಯುವವರು, ಬಿಟ್ಟುಹೋದವರು ಹೆಸರು ಹೇಳದೆ ಅದಕ್ಕೆ ಅಂಕ ಕೊಟ್ಟು ತಮ್ಮ ಅನುಭವ ಬರೆಯುವ ಜಾಲತಾಣಗಳಿವೆ. ಕೆಲಸ ಹುಡುಕುವವರು ಅರ್ಜಿ ಹಾಕುವ ಮೊದಲು ಅಲ್ಲಿ ಇಣುಕಿ ನೋಡುತ್ತಾರೆ. ಈ ಕಾರ್ಖಾನೆಯ ಪರವಾಗಿ ಅಲ್ಲಿ ಉತ್ತರ ಬರೆಯುವುದು ಈ ಹೆಂಗಸಿನ ಕೆಲಸ. ಒಳಗಿನವರ ಬಾಯಲ್ಲಿ ಅವರು ಸ್ಟಾರಕ್ಕ. ಬೈಸಿಕೊಳ್ಳುವುದಕ್ಕೂ ಸಂಬಳ ಕೊಡುತ್ತಾರೆ ಎಂದು ಮಗಳು ಛೇಡಿಸುತ್ತಾಳೆ.

ಈಗ ಅದೇ ಪರದೆಯಲ್ಲಿ, ಹದಿನೆಂಟು ದಿನದ ಹಿಂದೆ ಬಂದ ಇನ್ನೊಂದು ಬರಹವಿದೆ. ಮ್ಯಾನೇಜರರ ನಿದ್ದೆಗೆಡಿಸಿರುವುದು ಅದು. ಬರೆದವರು ಯಾರು ಎಂದು ಅವರಿಗೆ ತಿಳಿಯಲೇಬೇಕಾಗಿದೆ. ಅದು ಗೊತ್ತಿರುವುದು ಸ್ಟಾರಕ್ಕನಿಗೆ ಮಾತ್ರ.

ಗೊತ್ತಾಗುವುದು ಹೇಗೆ ಎಂದರೆ, ಅದಕ್ಕೆ ಹದಿನಾಲ್ಕು ವರ್ಷ ಹಿಡಿದಿದೆ. ಅಷ್ಟು ಕಾಲ ಅವರು ಮಡಿಸುವ ವಿಭಾಗದಲ್ಲಿದ್ದವರು. ದೊಡ್ಡ ಹಾಸುಬಟ್ಟೆಯನ್ನು ಒಬ್ಬರೇ ಮಡಿಸಲಾಗದು. ಎದುರಿಗೊಬ್ಬರು ತುದಿ ಹಿಡಿಯಬೇಕು. ಹಿಡಿದವರು ಸುಮ್ಮನೆ ಹಿಡಿಯುತ್ತಾರೆಯೇ, ಮನೆಯ ಗೋಳೆಲ್ಲ ಹೇಳಿಕೊಳ್ಳುತ್ತಾರೆ. ಯಾರು ಸುತ್ತಿ ಬಳಸಿ ದೂರುತ್ತಾರೆ, ಯಾರು ಒಂದೇ ಏಟಿಗೆ ಹೇಳಿ ಮುಗಿಸುತ್ತಾರೆ ಎಂಬುದು ಇವರಿಗೆ ಬಾಯಿಪಾಠ. ಆರು ವರ್ಷದ ಹಿಂದೆ ಬಲ ಭುಜ ಕೈಕೊಟ್ಟಿತು. ಕೈ ಎತ್ತುವ ಕೆಲಸ ಇನ್ನು ಬೇಡವೇ ಬೇಡ ಎಂದರು ಡಾಕ್ಟರು. ಕಚೇರಿಯಲ್ಲಿ ಯಾರಿಗೂ ಬೇಡವಾಗಿದ್ದ ಈ ಉತ್ತರ ಬರೆಯುವ ತಲೆನೋವು ಆಗ ಇವರ ಕೊರಳಿಗೆ ಬಿತ್ತು.

ವಾರಕ್ಕೆ ನಾಲ್ಕೈದು ಬರುತ್ತವೆ. ಪಾಳಿಯ ಪಟ್ಟಿ ಬದಲಾದ ವಾರ ಹದಿನೈದು. ಇದುವರೆಗೆ ಸಾವಿರದ ನೂರಕ್ಕೂ ಹೆಚ್ಚು ಉತ್ತರ ಬರೆದಿದ್ದಾರೆ. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂಬ ಸಾಲನ್ನು ಮೊದಲ ತಿಂಗಳು ಅವರೂ ಅಂಟಿಸುತ್ತಿದ್ದರಂತೆ. ಹಾಗೆ ಬೆಣ್ಣೆ ಹಚ್ಚುವುದು ತಮಗೇ ನಾಚಿಕೆಯಾಗಿ, ಬೇರೆ ಪದ್ಧತಿ ಹಿಡಿದರು: ದೂರು ಇರುವ ಜಾಗಕ್ಕೆ ಹೋಗಿ ಕಣ್ಣಾರೆ ನೋಡದೆ ಒಂದಕ್ಷರವೂ ಬರೆಯುವುದಿಲ್ಲ. ಇವತ್ತು ಮಧ್ಯಾಹ್ನ ಡಬ್ಬಿ ಹಿಡಿದು ಊಟದ ಕೋಣೆಗೆ ಹೋಗುತ್ತಾರೆ. ಬೆಂಚಿನ ಮೇಲೆ ನಲವತ್ತು ಜನ, ಗೋಡೆಗೆ ಒರಗಿ ಐವತ್ತೇಳು. ತಾವೂ ಗೋಡೆಗೊರಗಿ ನಿಂತೇ ಉಣ್ಣುತ್ತಾರೆ. ಸಂಜೆಗೆ ಉತ್ತರ ಸಿದ್ಧ: 'ನೀವು ಬರೆದದ್ದು ನಿಜ. ಇವತ್ತು ಎಣಿಸಿದೆ. ಐವತ್ತೇಳು ಜನ ನಿಂತಿದ್ದರು. ಬೆಂಚು ಬೇಕೆಂದು ಬರೆದುಕೊಟ್ಟಿದ್ದೇನೆ.'

ಈ 'ನಿಜ' ಮ್ಯಾನೇಜರರಿಗೆ ಮೊದಲಿನಿಂದಲೂ ಗಂಟಲಲ್ಲಿ ಇಳಿಯದ ಮಾತು. ಆದರೆ ಸಂದರ್ಶನಕ್ಕೆ ಬಂದ ಹೊಸಬರು, ಉತ್ತರಗಳನ್ನು ಓದಿಯೇ ಇಲ್ಲಿಗೆ ಬಂದೆವು ಎನ್ನತೊಡಗಿದ ಮೇಲೆ ಅವರು ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರು.

ಇಷ್ಟು ಹೇಳುವಾಗ ಸ್ಟಾರಕ್ಕನ ದನಿ ನೆಟ್ಟಗಿತ್ತು. ಮೂರು ವರ್ಷದ ಹಿಂದಿನ ಸಂಗತಿಗೆ ಬಂದಾಗ ತಗ್ಗುತ್ತದೆ. ಇಸ್ತ್ರಿ ವಿಭಾಗದ ಸೆಕೆ ತಡೆಯಲಾಗದು ಎಂದು ಯಾರೋ ಬರೆದಿದ್ದರು. ಓದಿದೊಡನೆ ಆಳು ಯಾರೆಂದು ಇವರಿಗೆ ಗೊತ್ತಾಯಿತು. ಅಕ್ಕರೆ ಉಕ್ಕಿ ಬಂತು. ಉತ್ತರದ ಕೊನೆಗೆ, 'ತಂದೆಯವರ ಆಪರೇಷನ್ ಚೆನ್ನಾಗಿ ಆಯಿತೆಂದು ನಂಬಿದ್ದೇನೆ' ಎಂದು ಸೇರಿಸಿಬಿಟ್ಟರು. ಆ ತಿಂಗಳು ತಂದೆಯ ಆಪರೇಷನ್ನಿಗೆ ರಜೆ ಹಾಕಿದ್ದವನು ಇಡೀ ವಿಭಾಗದಲ್ಲಿ ಒಬ್ಬನೇ. ಮೇಲ್ವಿಚಾರಕ ಓದಿದ. ವಾರದೊಳಗೆ ಅವನನ್ನು ಆಸ್ಪತ್ರೆಯ ಕೊಳೆಬಟ್ಟೆ ಬೇರ್ಪಡಿಸುವ ಶೆಡ್ಡಿಗೆ ಹಾಕಿದರು. ತಿಂಗಳು ತುಂಬುವಷ್ಟರಲ್ಲಿ ಅವನು ಕೆಲಸ ಬಿಟ್ಟ.

"ಕೆಟ್ಟದ್ದು ಮಾಡ್ಬೇಕು ಅಂತ ಮಾಡಿದ್ದಲ್ಲ. ಪ್ರೀತಿಯಿಂದಾನೇ ಬರ್ದೆ," ಎನ್ನುತ್ತಾರೆ. "ಆದ್ರೆ ಅವನ ಕೆಲಸ ಹೋಗಿದ್ದು ನನ್ನ ಕೈಯಿಂದಾನೇ ಅಲ್ವಾ."

ಅಂದಿನಿಂದ ಎರಡು ಕಟ್ಟುಪಾಡು. ಬರೆದವರ ಮಾತಿನಲ್ಲಿ ಇಲ್ಲದ ಸಂಗತಿ ಉತ್ತರದಲ್ಲೂ ಇರಕೂಡದು, ತಾವು ಎಣಿಸಿದ ಲೆಕ್ಕವೊಂದನ್ನು ಬಿಟ್ಟು. ಎರಡನೆಯದು, ಜಾಲತಾಣಕ್ಕೆ ಹೋಗುವ ಮೊದಲು ಪ್ರತಿ ಉತ್ತರವೂ ಅತ್ತೆಯ ಕಿವಿಗೆ ಬೀಳಬೇಕು. ಅತ್ತೆಗೆ ಎಪ್ಪತ್ತೆಂಟು. ಕದ ತಟ್ಟಿದ ಸದ್ದಿಗೇ ಬಂದವರು ಯಾರೆಂದು ಹೇಳುವ ಜಾಣೆ. ಸಂಜೆ ತರಕಾರಿ ಹೆಚ್ಚುತ್ತಾ ಸೊಸೆ ಓದುವುದನ್ನು ಕೇಳಿಸಿಕೊಳ್ಳುತ್ತಾರೆ. ಬರೆದದ್ದು ಗಂಡೋ ಹೆಣ್ಣೋ, ಹೊಸಬರೋ ಹಳಬರೋ, ಊಹಿಸಬೇಕು. ಊಹೆ ಸರಿಯಾದರೆ ಉತ್ತರ ತಿದ್ದಬೇಕು. ಒಮ್ಮೆ, ಕೆಲಸದವರು ಬಟ್ಟೆಬರೆ ಇಡುವ ಕಪಾಟಿನ ಬಾಗಿಲ ಬಗೆಗಿನ ಉತ್ತರದಲ್ಲಿ 'ಕನ್ನಡಿ' ಎಂಬ ಮಾತು ನುಸುಳಿತ್ತು. ಅತ್ತೆ ಚಾಕು ಕೆಳಗಿಟ್ಟರು. "ಹೆಂಗಸರ ಕಪಾಟು. ಕನ್ನಡಿ ಅಂಟಿಸ್ಕೊಂಡಿರೋದು ಅವರೇ ತಾನೇ. ಹೊಡೆದುಹಾಕು ಅದನ್ನ." ಸೊಸೆ ಹೊಡೆದುಹಾಕಿದರು. ಈ ಲೇಖನವನ್ನೂ ಅತ್ತೆ ಕೇಳಿಸಿಕೊಂಡ ಮೇಲೆಯೇ ಅಚ್ಚಿಗೆ ಕಳಿಸಿದ್ದು. ಎರಡು ಸಾಲು ತೆಗೆಸಿದರು.

ಇನ್ನು ಆ ಹದಿನೆಂಟು ದಿನದ ಹಿಂದಿನ ಬರಹ. ಇಸ್ತ್ರಿ ಯಂತ್ರದಲ್ಲಿ, ಕಾದ ಉರುಳೆಗಳ ನಡುವೆ ಬಟ್ಟೆ ತೂರಿಸುವ ಕಡೆ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಕೈ ತಗುಲಿದರೆ ಯಂತ್ರ ತಟ್ಟನೆ ನಿಲ್ಲುತ್ತದೆ. ಬಟ್ಟೆಯ ಮುದ್ದೆ ತಗುಲಿದರೂ ನಿಲ್ಲುತ್ತದೆ. ಇದರಿಂದ ಕೆಲಸ ಸಾಗುವುದಿಲ್ಲವೆಂದು ಮೂರನೆಯ ಯಂತ್ರದ ಪಟ್ಟಿಯನ್ನು ಬಿಚ್ಚಿಸಿದ್ದರು. 'ಯಾರದಾದರೂ ಕೈ ಹೋಗುವವರೆಗೆ ಕಾಯುತ್ತಿದ್ದೀರಾ' ಎಂದಿತ್ತು ಆ ಬರಹದಲ್ಲಿ. ಸ್ಟಾರಕ್ಕ ಹೋಗಿ ನೋಡಿದರು. ಉತ್ತರವನ್ನು ನಾಲ್ಕು ಸಲ ತಿದ್ದಿದರು. ಅತ್ತೆ ಐದು ಊಹೆ ಮಾಡಿ ಐದರಲ್ಲೂ ಸೋತರು. ಮರುದಿನ ಜಾಲತಾಣದಲ್ಲಿ ಅದು ಬಂತು: 'ನಿಜ. ಹೋಗಿ ನೋಡಿದೆ. ಪಟ್ಟಿ ಇಲ್ಲ.'

ಮ್ಯಾನೇಜರರು ಕರೆಸಿ ಬಾಗಿಲು ಮುಂದೆ ಮಾಡಿಕೊಂಡರು. ಕೇಳದೆ ಹಾಕಿದ್ದಕ್ಕೆ ಮೊದಲು ರೇಗಿದರು. ಆಮೇಲೆ ದನಿ ಮೆತ್ತಗೆ ಮಾಡಿ, ಆ ವ್ಯಕ್ತಿಗೆ ಏನೂ ತೊಂದರೆ ಕೊಡುವುದಿಲ್ಲ, ಕೂರಿಸಿಕೊಂಡು ಮಾತಾಡುತ್ತೇನೆ ಅಷ್ಟೆ, ಯಾರೆಂದು ನಿಮಗೆ ಗೊತ್ತೇ ಎಂದು ಕೇಳಿದರು.

"ಗೊತ್ತು ಸಾರ್. ಹೇಳಲ್ಲ," ಎಂದರು ಸ್ಟಾರಕ್ಕ.

ನಾಲ್ಕು ದಿನಕ್ಕೆ ಮ್ಯಾನೇಜರರೇ ಕೆಳಗಿಳಿದು ಬಂದು ಮೂರನೆಯ ಯಂತ್ರದ ಮುಂದೆ ಸ್ವಲ್ಪ ಹೊತ್ತು ನಿಂತರು. ಮರುದಿನ ಪಟ್ಟಿ ಮತ್ತೆ ಬಂದು ಕೂತಿತು. ಅಷ್ಟಕ್ಕೆ ಮುಗಿಯಿತು ಎನ್ನುವ ಹಾಗಿಲ್ಲ. ಅವರಿಗೆ ಹೆಸರು ಇನ್ನೂ ಬೇಕು. ಇಲ್ಲದಿದ್ದರೆ ಈ ಕೆಲಸವನ್ನು ಹೊರಗಿನ ಏಜೆನ್ಸಿಗೆ ಕೊಡುತ್ತಾರೆ, ಸ್ಟಾರಕ್ಕ ಮತ್ತೆ ಮಡಿಸುವ ವಿಭಾಗಕ್ಕೆ ಹೋಗಬೇಕು. ತಿಂಗಳ ಕೊನೆಯವರೆಗೆ ಗಡುವು. ಹೆಸರು ಕೇಳಿದ್ದು ನಿನ್ನೆಗೆ ಮೂರನೆಯ ಸಲ.

ಹೆದರಿಕೆ ಇಲ್ಲವೇ ಎಂದು ಕೇಳಿದರೆ ಅವರು ದೊಡ್ಡಸ್ತಿಕೆ ಮಾಡುವುದಿಲ್ಲ. "ಇದೆ. ಕೈ ಭುಜದಿಂದ ಮೇಲೆ ಏಳಲ್ಲ. ಅಲ್ಲಿಗೆ ಹಾಕಿದ್ರೆ ನಾನು ಎಷ್ಟು ದಿನ ತಡೀತೀನೋ ಗೊತ್ತಿಲ್ಲ. ಅತ್ತೆ ಔಷಧಿ, ಮಗಳ ಓದು, ಎಲ್ಲಾ ಇದರ ಮೇಲೇ ನಿಂತಿರೋದು."

ಮರುದಿನ ಬೆಳಗ್ಗೆ, ಆರು ಗಂಟೆಯ ಗಂಟೆ ಹೊಡೆಯುತ್ತದೆ. ಕಿಟಕಿಯಾಚೆ ಹಗಲು ಪಾಳಿಯವರು ಸಾಲಾಗಿ ಅಂಗಳ ದಾಟಿ ಬರುತ್ತಿದ್ದಾರೆ. ಒಬ್ಬರು ಡಬ್ಬಿ ತೂಗಾಡಿಸುತ್ತಾ, ಇನ್ನೊಬ್ಬರು ಓಡುತ್ತಾ, ಮತ್ತಿಬ್ಬರು ಯಾವುದಕ್ಕೋ ನಗುತ್ತಾ. ಸ್ಟಾರಕ್ಕ ಟೀ ಲೋಟ ಹಿಡಿದುಕೊಂಡು ಕೊನೆಯವರು ಒಳಗೆ ಹೋಗುವವರೆಗೂ ನೋಡುತ್ತಾರೆ. ಅವರ ಕಣ್ಣು ಯಾರ ಮೇಲೆ ನಿಂತಿತೆಂದು ಪಕ್ಕದಲ್ಲೇ ನಿಂತವರಿಗೂ ತಿಳಿಯುವುದಿಲ್ಲ. ಆಮೇಲೆ ಕುರ್ಚಿಗೆ ಮರಳಿ ಕನ್ನಡಕ ಏರಿಸಿಕೊಳ್ಳುತ್ತಾರೆ.

"ಬರೆದವರು ಇವತ್ತೂ ಕೆಲಸಕ್ಕೆ ಬಂದಿದ್ದಾರೆ," ಎನ್ನುತ್ತಾರೆ.