ಛತ್ರಿ ಮಳೆಗೆ, ಸಿಡಿಲಿಗಲ್ಲ

ನಾನು ಛತ್ರಿ ಎತ್ತಿಕೊಂಡ ಕೂಡಲೇ ವಿಮಾನ ನಿಲ್ದಾಣದ ಸಿಬ್ಬಂದಿ ಹೆಣ್ಣುಮಗಳು ಗಾಜಿನ ಬಾಗಿಲಿಗೆ ಅಡ್ಡ ಕೈ ಇಟ್ಟಳು. ಬೀದರಿನಲ್ಲಿ ವಿಮಾನದವರೆಗೆ ನಡೆದೇ ಹೋಗಬೇಕು. ಮಳೆ ಬಂದರೆ ಕೊಡಲೆಂದು ಬಾಗಿಲ ಬಳಿ ಛತ್ರಿಗಳಿರುತ್ತವೆ. ಅಂದು ಗುಡುಗು ಶುರುವಾದ ಮೇಲೆ ಯಾರನ್ನೂ ಹೊರಗೆ ಬಿಟ್ಟಿರಲಿಲ್ಲ. ಮರುದಿನ ಬೆಂಗಳೂರಿನಲ್ಲಿ ನನ್ನ ತಮ್ಮನಿಗೆ ಹೃದಯದ ಆಪರೇಷನ್. ಅದಕ್ಕೂ ಮೊದಲು ನಾನು ರಕ್ತ ಕೊಡಬೇಕಿತ್ತು.

“ಓಡಿ ಹೋಗಿ ಕೂಡ್ತೇನಿ, ಬಿಡವ್ವಾ. ನಮ್ಮ ಭಾಲ್ಕಿ ಬಸ್ಸೂ ಇಷ್ಟು ಅಂಜೂದಿಲ್ಲ,” ಎಂದೆ.

“ಛತ್ರಿ ಮಳಿಗಿರಿ ಕಾಕಾ, ಸಿಡಿಲಿಗಲ್ಲ. ಕಂಟ್ರೋಲ್ ಟವರ್‌ನವ್ರು ಹೇಳೂತನಕ ಬಿಡಂಗಿಲ್ರಿ. ಬೇಕಾದ್ರ ಬೈರಿ.”

ನಾನು ಬೈದೆ. ಮಾತು ಮುಗಿಯುವ ಮೊದಲೇ ಹೊರಗೆಲ್ಲ ಬೆಳ್ಳಗಾಯಿತು. ಬೆಳಕೂ ಸದ್ದೂ ಒಟ್ಟಿಗೇ ಬಂದವು. ಕಣ್ಣು ಬಿಟ್ಟಾಗ ನಾವು ನಡೆಯಬೇಕಿದ್ದ ದಾರಿಯ ಪಕ್ಕದ ದೀಪದ ಕಂಬದಿಂದ ಹೊಗೆ ಏಳುತ್ತಿತ್ತು. ಅವಳ ಕೈ ಬಾಗಿಲಿನಿಂದ ಸರಿದಿರಲಿಲ್ಲ.

ಎರಡು ತಾಸಿನ ಮೇಲೆ ಅವಳೇ ಬಾಗಿಲು ತೆರೆದಳು. ನಾನು ಹೆಜ್ಜೆ ಎಣಿಸುತ್ತ ನಡೆದೆ. ಇಪ್ಪತ್ತೆರಡನೆಯದಕ್ಕೆ ಆ ಕಂಬ ಬಂತು.

ತಮ್ಮ ಈಗ ಚೆನ್ನಾಗಿದ್ದಾನೆ. ಅಂದು ರಕ್ತ ತೆಗೆದ ಮೇಲೆ ನರ್ಸ್ “ಮುಷ್ಟಿ ಬಿಡಿ” ಎಂದು ಮೂರು ಸಲ ಹೇಳಬೇಕಾಯಿತು. ನಾನಿನ್ನೂ ಛತ್ರಿ ಹಿಡಿದವನಂತೆ ಕೈ ಬಿಗಿದುಕೊಂಡಿದ್ದೆ.