ಪಾಲಿಶ್ ಕಾಕಾ ಉಜ್ಜಿದ ಕನ್ನಡಿ

ಹೋದ ತಿಂಗಳು ಸೇಡಂನ ನಮ್ಮ ಮನೆಯ ಪಡಸಾಲೆಗೆ ಹೊಸ ಫರಸಿ ಕಲ್ಲು ಹಾಕಿಸಿದೆವು. ಪಾಲಿಶ್ ಮಷಿನ್ ತಿರುಗತೊಡಗಿದ್ದೇ ತಡ, ಕಲ್ಲಿನ ಬೂದು ರಾಡಿ ನೆಲದ ತುಂಬ ಹರಡಿತು. ಹಸಿ ಕಲ್ಲು, ಸವೆದ ಕಾರ್ಬೊರಂಡಮ್ ಉಜ್ಜುಗಲ್ಲು, ಕಾದ ಮೋಟರು, ಎಲ್ಲ ಕೂಡಿದ ಒಂದು ವಾಸನೆ... ಕೆಲಸದವರಿಗೆ ಚಹಾ ಕೊಡಲು ಹೋದವಳು ತಾಟು ಹಿಡಿದುಕೊಂಡೇ ನಿಂತುಬಿಟ್ಟೆ. ಇಪ್ಪತ್ತು ವರ್ಷಗಳ ಹಿಂದೆ ಶಹಾಬಾದಿನಲ್ಲಿ ದಿನಾ ಸಂಜೆ ಈ ವಾಸನೆಯನ್ನು ಮೈಮೇಲೆ ಹೊತ್ತು ನಮ್ಮ ಓಣಿಗೆ ಬರುತ್ತಿದ್ದವರೊಬ್ಬರಿದ್ದರು. ಅವರು ನೆನಪಾದಾಗಲೆಲ್ಲ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತದೆ.

ನಾನಾಗ ಅಲ್ಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಅವರು ನಮ್ಮ ಪಕ್ಕದ ಮನೆಯವರು, ಕಲ್ಲಿನ ಪಾಲಿಶ್ ಕೆಲಸದವರು. ಓಣಿಗೆಲ್ಲ ಪಾಲಿಶ್ ಕಾಕಾ. ರೆಪ್ಪೆಗಳ ಮೇಲೂ ಕಲ್ಲಿನ ಪುಡಿ ಕೂತಿರುತ್ತಿತ್ತು. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಅವರೆದುರು ಗೊಣಗಿದೆ. ದೂರದರ್ಶಕದ ಪಾಠ ಮಾಡಬೇಕು, ತೋರಿಸಲು ಶಾಲೆಯಲ್ಲಿ ಒಂದು ಭೂತಗನ್ನಡಿಯೂ ಇಲ್ಲ, ಕೇಳಿದರೆ ಅನುದಾನವಿಲ್ಲವೆನ್ನುತ್ತಾರೆ ಅಂತ. ಕಾಕಾ ಆ ದುರ್ಬೀನು ಹೇಗಿರುತ್ತದೆಂದು ಕೇಳಿದರು. ದಪ್ಪ ಗಾಜಿನ ಬಿಲ್ಲೆಯನ್ನು ಕಾರ್ಬೊರಂಡಮ್ ಪುಡಿಯಿಂದ ಉಜ್ಜಿ ಉಜ್ಜಿ ನಡುವೆ ತಗ್ಗು ಮಾಡಿ ಅದಕ್ಕೆ ಕನ್ನಡಿ ಮಾಡುತ್ತಾರೆ ಎಂದೆ. ಅವರು ನಕ್ಕರು.

"ಪುಡಿ ಹಾಕಿ ಉಜ್ಜೂದು? ಅದನ್ನ ಬಿಟ್ಟು ನಾ ಹುಟ್ಟಿದಾಗಿಂದ ಬ್ಯಾರೆ ಏನ್ ಮಾಡೀನ್ರಿ ಟೀಚರ್?"

ಹೈದರಾಬಾದಿಗೆ ಹೋಗಿ ದಪ್ಪ ಗಾಜಿನ ಎರಡು ಬಿಲ್ಲೆ ತಂದವರು ಅವರೇ. ಒಂದರ ಮೇಲೊಂದಿಟ್ಟು, ನಡುವೆ ಪುಡಿ ಮತ್ತು ನೀರು ಹಾಕಿ, ದಿನಾ ಪಾಳಿ ಮುಗಿದ ಮೇಲೆ ಎರಡು ತಾಸು ಉಜ್ಜುತ್ತಿದ್ದರು. ಮೇಲಿನದು ತಗ್ಗಾಗುತ್ತ ಹೋಯಿತು, ಕೆಳಗಿನದು ಉಬ್ಬುತ್ತ. ದಿನ ಕಳೆದಂತೆ ಇನ್ನಷ್ಟು ನುಣ್ಣನೆಯ ಪುಡಿ ಹಾಕುತ್ತ ಬಂದರು. ನಾನು ಪಕ್ಕದಲ್ಲಿ ಕೂತು ದುರ್ಬೀನಿನ ಕಥೆ ಹೇಳುತ್ತಿದ್ದೆ. ಹಾಲೆಂಡಿನಲ್ಲಿ ಕನ್ನಡಕ ಮಾಡುವವನೊಬ್ಬ ಎರಡು ಮಸೂರ ಹಿಂದೆಮುಂದೆ ಹಿಡಿದು ದೂರದ್ದನ್ನು ಹತ್ತಿರ ತಂದದ್ದು, ಇಟಲಿಯ ಪಂಡಿತ ಅದನ್ನು ಗುರುಗ್ರಹಕ್ಕೆ ತಿರುಗಿಸಿ ಸುತ್ತ ನಾಲ್ಕು ಚಂದ್ರರನ್ನು ಕಂಡದ್ದು, ಮಸೂರದಲ್ಲಿ ಬಣ್ಣಗಳು ಚೆದುರುತ್ತವೆಂದು ಇಂಗ್ಲೆಂಡಿನವನೊಬ್ಬ ಅದರ ಬದಲು ಕನ್ನಡಿ ಹಚ್ಚಿದ್ದು. ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಒಬ್ಬ ಸಂಗೀತಗಾರನ ಕಥೆ. ಆತ ಕನ್ನಡಿ ಉಜ್ಜಲು ಕೂತರೆ ದಿನವಿಡೀ ಕೈ ತೆಗೆಯುತ್ತಿರಲಿಲ್ಲ, ತಂಗಿ ಪಕ್ಕದಲ್ಲಿ ಕೂತು ಬಾಯಿಗೆ ತುತ್ತಿಡುತ್ತಿದ್ದಳು. "ಆ ತಂಗಿ ಸುದ್ದಿ ಇನ್ನೊಮ್ಮಿ ಹೇಳ್ರಿ," ಎನ್ನುತ್ತಿದ್ದರು. ಒಳಗಿನಿಂದ ಅವರ ಹೆಂಡತಿ, ನಮ್ಮ ಕಾಕು, "ನಾ ಏನ್ ತುತ್ತ ಇಡಂಗಿಲ್ಲ, ಎದ್ದು ಬಂದು ಉಣ್ರಿ," ಎಂದು ಕೂಗುತ್ತಿದ್ದರು.

ಮೊದಲು ಮಾಡಿದ ಆ ಕನ್ನಡಕದವನ ಹೆಸರೇನೆಂದು ಒಮ್ಮೆ ಕೇಳಿದರು. ಮೂರು ಮಂದಿ ತಮ್ಮದೆಂದು ಜಗಳಾಡಿದ್ದರು, ನಿಜಕ್ಕೂ ಯಾರದೆಂದು ಯಾರಿಗೂ ಗೊತ್ತಿಲ್ಲ ಎಂದೆ. ಕಾಕಾ ಪುಡಿಗೆ ನೀರು ಚಿಮುಕಿಸಿದರು.

ನಾಲ್ಕು ತಿಂಗಳು ಹಿಡಿಯಿತು. ತೂತು ಮಾಡಿದ ಡಬ್ಬಿಯೊಳಗೆ ಬಲ್ಬು ಇಟ್ಟು, ಅದರ ಬೆಳಕಿಗೆ ಬ್ಲೇಡು ಅಡ್ಡ ಹಿಡಿದು ಕನ್ನಡಿಯ ಮೇಲಿನ ನೆರಳಿನಿಂದ ಅದರ ತಗ್ಗು ಸರಿಯಿದೆಯೇ ಎಂದು ನೋಡುವುದನ್ನು ನಾನು ಪುಸ್ತಕ ಓದಿ ಹೇಳಿಕೊಟ್ಟೆ. ಎರಡೇ ದಿನದಲ್ಲಿ ಅವರು ಆ ನೆರಳನ್ನು ನನಗಿಂತ ಚೆನ್ನಾಗಿ ಓದತೊಡಗಿದರು. "ನಡುವ ಇನ್ನೂ ಉಬ್ಬದ್ರಿ," ಎಂದು ಮತ್ತೆ ಉಜ್ಜಲು ಕೂಡುತ್ತಿದ್ದರು. ಶಾಲೆಯ ಪ್ರಯೋಗಾಲಯದ ಸಿಲ್ವರ್ ನೈಟ್ರೇಟಿನಿಂದ ಅದಕ್ಕೆ ಬೆಳ್ಳಿ ಕಟ್ಟಿದ್ದು ನಾನು. ತಗಡಿನ ಕೊಳವೆ ಕಾಕಾನ ಗೆಳೆಯರೊಬ್ಬರು ಬೆಸೆದರು. ಕಣ್ಣಿಡುವ ಮಸೂರ ವಾಡಿ ಊರಿನ ಗುಜರಿಯಲ್ಲಿ ಸಿಕ್ಕ ಒಡಕು ಬೈನಾಕ್ಯುಲರಿನದು. ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಮಾಳಿಗೆಯ ಮೇಲಿಂದ ಅರ್ಧ ಚಂದ್ರನ ತಗ್ಗುದಿಣ್ಣೆ ಕಂಡವು. ಕಾಕಾ ಭಾಳ ಹೊತ್ತು ನೋಡಿ, "ನಮ್ಮ ಕಲ್ಲಿನ ಖಣಿ ಹಂಗೇ ಅದಲ್ರಿ!" ಎಂದರು.

ಆ ದುರ್ಬೀನನ್ನು ಶಾಲೆಗೆ ಕೊಟ್ಟರು. ಕೊಡಿರೆಂದು ಕೇಳಿದವಳು ನಾನೇ...

ಎರಡು ಸಾವಿರದ ನಾಲ್ಕರ ಜೂನಿನಲ್ಲಿ ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಗುವುದಿತ್ತು. ಆಗ ಬದುಕಿದ್ದ ಯಾರೂ ಅದನ್ನು ಕಂಡಿರಲಿಲ್ಲ. ಕೊಳವೆಯ ಬಾಯಿಗೆ ತೂತಿನ ರಟ್ಟು ಮುಚ್ಚಿ, ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಆ ಬಿಂಬದೊಳಗೆ ಎಳ್ಳಿನಂಥ ಕರಿಚುಕ್ಕೆ. ಮಕ್ಕಳು ಕೂಗಾಡಿದರು. ಇಲಾಖೆಯ ಸಾಹೇಬರು ಬಂದರು. ಅದೇ ಹೊತ್ತಿಗೆ ಅರ್ಧ ಪಾಳಿ ಬಿಟ್ಟು ಕಾಕಾ ಗೇಟಿಗೆ ಬಂದರು, ಮೈತುಂಬ ಬಿಳಿ ಪುಡಿ. ಹೆಡ್ಮಾಸ್ತರರು ತಾವೇ ಅಲ್ಲಿಗೆ ಹೋಗಿ ಹೇಳಿದ್ದು ನನಗೆ ಕೇಳಿಸಿತು: "ಈ ಅರಿವಿ ಹಾಕ್ಕೊಂಡು ಒಳಗ ಬ್ಯಾಡ. ಸಾಹೇಬ್ರು ಹೋಗ್ಲಿ, ಆಮ್ಯಾಲ ಕರೀತೀವಿ."

ನಾನು ಸುಮ್ಮನಿದ್ದೆ. ಐದು ನಿಮಿಷದ ಮಾತು ಅಂದುಕೊಂಡೆ. ಹಾರ ಬಂತು, ಚಹಾ ಬಂತು, ಭಾಷಣವಾಯಿತು. ಇದನ್ನು ಮಾಡಿದವರು ಯಾರೆಂದು ಸಾಹೇಬರು ಕೇಳಿದಾಗ ಹೆಡ್ಮಾಸ್ತರರು, "ನಮ್ಮ ಮಾರ್ಗದರ್ಶನದಾಗ ಶಾಲೇದ ವಿಜ್ಞಾನ ಸಂಘದವರು," ಎಂದರು. ಆಗಲೂ ನನ್ನ ಬಾಯಿ ತೆರೆಯಲಿಲ್ಲ. ಸಾಹೇಬರ ಜೀಪು ಹೊರಟಾಗ ಪಡುವಣದಿಂದ ಮೋಡ ಮುಚ್ಚಿಕೊಂಡಿತ್ತು. ಓಡಿ ಹೋಗಿ ಕಾಕಾನನ್ನು ಕರೆತಂದೆ. ಹಾಳೆ ಬರೀ ಬಿಳಿ. ಸಂಜೆಯವರೆಗೂ ಕಾದೆವು, ಮೋಡ ಸರಿಯಲಿಲ್ಲ.

"ಹೋಗ್ಲಿ ಬಿಡ್ರಿ. ಹುಡುಗ್ರು ನೋಡಿದ್ರಲ್ಲ?" ಎಂದರು. ಎಂಟು ವರ್ಷಕ್ಕೆ ಇನ್ನೊಮ್ಮೆ ಬರುತ್ತದೆ, ಆಮೇಲೆ ನೂರು ವರ್ಷ ಇಲ್ಲ ಎಂದೆ. "ಎಂಟು ವರ್ಷ ಏನ್ ದೊಡ್ಡದ್ರಿ," ಎಂದರು.

ಮುಂದಿನ ವರ್ಷ ತಪಾಸಣೆ ಇದೆಯೆಂದು ಯಾರೋ ಆ ಕನ್ನಡಿಯನ್ನು ಪಾತ್ರೆ ತಿಕ್ಕುವ ಪುಡಿಯಿಂದ ತಿಕ್ಕಿಸಿದರು. ಬೆಳ್ಳಿಯೆಲ್ಲ ಕಿತ್ತು ಹೋಗಿತ್ತು. ಮನೆಗೆ ಕೊಡಿರಿ, ಮತ್ತೆ ಉಜ್ಜಿ ತರುತ್ತೇನೆಂದು ಕಾಕಾ ಕೇಳಲು ಬಂದರು. ಸ್ಟಾಕ್ ರಿಜಿಸ್ಟರಿನಲ್ಲಿ ಏರಿದ ವಸ್ತು, ಹೊರಗೆ ಕೊಡಲು ಬರುವುದಿಲ್ಲ ಎಂದರು ಹೆಡ್ಮಾಸ್ತರರು. ಕಾಕಾ ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನಾ ಮಾಡಿದ್ದು ನಾ ಮುಟ್ಟಲಾಕ ಬರಂಗಿಲ್ಲೇನ್ರಿ?"

"ಅದೀಗ ಸರ್ಕಾರದ್ದು."

ನಾನು ಕಪಾಟಿನಿಂದ ರಿಜಿಸ್ಟರು ತೆಗೆದು, ಅವರಿಬ್ಬರ ಎದುರೇ, 'ಶಾಲೆಯಲ್ಲಿ ತಯಾರಿಸಿದ್ದು' ಎಂಬ ಸಾಲಿಗೆ ಕಾಟು ಹೊಡೆದು ಕಾಕಾನ ಪೂರ್ಣ ಹೆಸರು, ಅವರ ತಂದೆಯ ಹೆಸರು, ಊರು ಬರೆದು ಸಹಿ ಹಾಕಿದೆ. ಹೆಡ್ಮಾಸ್ತರರು ಕುರ್ಚಿ ಬಿಟ್ಟು ಎದ್ದರು. ವಾರದೊಳಗೆ ನೋಟಿಸು, ಬೇಸಿಗೆಯಲ್ಲಿ ಚಿಂಚೋಳಿ ಕಡೆಗೆ ವರ್ಗ. ಅದೇನು ದೊಡ್ಡ ಧೈರ್ಯವಲ್ಲ. ಗೇಟಿನ ಬಳಿ ಆಡಬೇಕಿದ್ದ ಮಾತನ್ನು ವರ್ಷ ತಡವಾಗಿ ಕಾಗದದ ಮೇಲೆ ಬರೆದೆ, ಅಷ್ಟೆ. ಕನ್ನಡಿ ಮಾತ್ರ ಅವರ ಕೈಗೆ ಸಿಗಲಿಲ್ಲ.

ಕಾಕಾನಿಗೆ ಆಗಲೇ ದಮ್ಮು ಶುರುವಾಗಿತ್ತು. ಆ ಪುಡಿ ಕಲ್ಲಿನ ಮೇಲೆ ಕೂತಂತೆ ಎದೆಯೊಳಗೂ ಕೂತಿರಬೇಕು... ಶುಕ್ರ ಎರಡನೆಯ ಸಲ ಸೂರ್ಯನನ್ನು ದಾಟುವ ಹೊತ್ತಿಗೆ ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

ಫರಸಿಯ ಕೆಲಸ ಮುಗಿದ ವಾರ ಶಹಾಬಾದಿಗೆ ಹೋಗಿ ಬಂದೆ. ಮೊದಲು ಶಾಲೆಗೆ. ಈಗಿನವರು ಒಳ್ಳೆಯವರು, ಹಳೆಯ ಕಡತ ಹುಡುಕಿಸಿದರು. ಮುರಿದ ಬೆಂಚುಗಳ ಜೊತೆ ಆ ದುರ್ಬೀನನ್ನೂ ನಿರುಪಯುಕ್ತವೆಂದು ಗುಜರಿಗೆ ಹಾಕಿದ್ದರು. ಯಾವಾಗಲೋ. ರಿಜಿಸ್ಟರೂ ಉಳಿದಿರಲಿಲ್ಲ.

ಅಲ್ಲಿಂದ ಕಾಕುವಿನ ಮನೆಗೆ ಹೋದೆ. ಕಣ್ಣು ಮಂಜಾಗಿದೆ, ದನಿಯಿಂದ ಗುರುತು ಹಿಡಿದರು. ಪಕ್ಕದಲ್ಲಿ ಕೂಡಿಸಿಕೊಂಡು ಖುಷಿಯಿಂದ ಹೇಳಿದರು: "ಟೀಚರ್, ನಮ್ಮ ಮೊಮ್ಮಗಳನ್ನ ಈ ವರ್ಷ ನಿಮ್ಮ ಸಾಲಿಗೇ ಹಚ್ಚೀವಿ. ಅಜ್ಜನ ದುರ್ಬೀನ್ ಅಲ್ಲೇ ಅದ, ಟೀಚರ್‌ನ ಕೇಳಿ ನೋಡಂತ ದಿನಾ ಹೇಳಲಾಕತ್ತೀನಿ. ಆಕಿಗಿನ್ನಾ ತೋರ್ಸಿಲ್ಲಂತ."

ಇಲ್ಲ ಎಂದು ಹೇಳಲೇಬೇಕಾಯಿತು. ಗುಜರಿಗೆ ಹಾಕಿದ್ದಾರೆ ಎಂದೂ ಹೇಳಿದೆ. ಕಾಕು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೂತರು.

"ತೂಕಕ್ಕ ಹಾಕ್ಯಾರೇನ್ರಿ? ನಮ್ಮನ್ನ ಒಂದ್ ಮಾತ ಕೇಳಬೇಕಿತ್ತಲ್ಲ, ನಾವೇ ರೊಕ್ಕಾ ಕೊಟ್ಟು ಮನಿಗೆ ತರತಿದ್ವಿ," ಎಂದರು.