ಚೌಡಿಕಲ್ಲಿನ ನೊರೆ

ಗೋಣಿಬೀಡಿನ ಬಸ್‌ಸ್ಟಾಪಿನ ಅಂಗಡಿಯಲ್ಲಿ ಈಗಲೂ ಗೋಲಿಸೋಡಾ ಸಿಗುತ್ತದೆ. ಮೊನ್ನೆ ಬಸ್ಸು ಕಾಯುತ್ತ ಒಂದು ಒಡೆಸಿದೆ. ಗೋಲಿ ಒಳಕ್ಕೆ ಬಿದ್ದು ನೊರೆ ಚುಸ್ಸೆಂದು ಮೇಲೆ ಬಂತು ನೋಡಿ, ಆ ಸದ್ದಿಗೆ ನನ್ನ ಕಣ್ಣು ತುಂಬಿಕೊಂಡಿತು. ಅಂಗಡಿಯವನು "ಗ್ಯಾಸ್ ಜಾಸ್ತಿ ಆಯ್ತಾ ಅಕ್ಕ?" ಎಂದ. ಹೂಂ ಎಂದೆ. ಇನ್ನೇನು ಹೇಳಲಿ ಅವನಿಗೆ? ಅದೇ ಸದ್ದು ಕಲ್ಲಿನಿಂದ ಬರಲಿ ಎಂದು ನಮ್ಮ ಮನೆಯ ಹೆಣ್ಣುಮಗಳೊಬ್ಬಳು ವರ್ಷಗಟ್ಟಲೆ ಗುಡ್ಡ ಸುತ್ತಿದ್ದಳು ಎಂದರೆ ಅವನು ನನ್ನನ್ನು ಬೇರೆಯೇ ರೀತಿ ನೋಡುತ್ತಿದ್ದ.

ಅವಳು ನೀಲತ್ತೆ, ನನ್ನ ಅಪ್ಪನ ತಂಗಿ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ, ಅವಳು ಮೈಸೂರಿನಲ್ಲಿ ಭೂವಿಜ್ಞಾನದ ಸಂಶೋಧನೆ ಮಾಡುತ್ತಿದ್ದಳು. ಕಾಫಿ ಕುಯ್ಲಿನ ಹೊತ್ತಿಗೆ ಗೋಣಿಬೀಡಿನ ನಮ್ಮ ತೋಟದ ಮನೆಗೆ ಬಂದಿಳಿಯುತ್ತಿದ್ದಳು. ಕಣದ ತುಂಬ ಹಣ್ಣು ಕಾಫಿ ಹರವಿರುವ ಕಾಲ. ಅದರ ಹುಳಿಸಿಹಿ ವಾಸನೆ ಹಾಸಿಗೆ ಬಟ್ಟೆಗೂ ಹತ್ತಿರುತ್ತಿತ್ತು. ಬೆಳಿಗ್ಗೆ ಅಕ್ಕಿರೊಟ್ಟಿ ಕಟ್ಟಿಸಿಕೊಂಡು, ಸೊಂಟಕ್ಕೆ ಸುತ್ತಿಗೆ ಸಿಕ್ಕಿಸಿಕೊಂಡು ಹೊರಟರೆ ಕತ್ತಲಾಗುವ ಹೊತ್ತಿಗೆ ಚೀಲದ ತುಂಬ ಕಲ್ಲು ಹೊತ್ತು ಬರುತ್ತಿದ್ದಳು. ಅಜ್ಜಿಗೆ ಅದು ಸುತರಾಂ ಹಿಡಿಸುತ್ತಿರಲಿಲ್ಲ. "ಕಲ್ಲಿಗೇನು ಬರಗಾಲವೇ ಇಲ್ಲಿ, ಹೊರಗಿಂದ ಬೇರೆ ತರ್ತೀಯ?" ಎಂದು ಗೊಣಗುತ್ತಲೇ ಒಳ್ಳೆಯದೊಂದನ್ನು ಆರಿಸಿ ಉಪ್ಪಿನಕಾಯಿ ಭರಣಿಯ ಮೇಲೆ ಹೇರುತ್ತಿದ್ದಳು. ನೀಲತ್ತೆ ಅದನ್ನು ಹುಡುಕಿ ಮನೆಯೆಲ್ಲ ಒಂದು ಮಾಡುತ್ತಿದ್ದಳು.

ಅವಳು ಹುಡುಕುತ್ತಿದ್ದುದು ಏನು ಎಂದು ನನಗೆ ಕಣದ ಕಟ್ಟೆಯ ಮೇಲೆ ಕೂರಿಸಿ ಹೇಳಿದ್ದಳು. ಗಿಡವಿಲ್ಲ, ಮೀನಿಲ್ಲ, ಹುಳವೂ ಇಲ್ಲದ ಕಾಲದಲ್ಲಿ ಸಮುದ್ರದ ಅಂಚಿನಲ್ಲಿ ಕಣ್ಣಿಗೆ ಕಾಣದ ಪಾಚಿಯಂಥ ಜೀವಗಳು ಮಾತ್ರ ಇದ್ದವಂತೆ. ಅವು ಪದರದ ಮೇಲೆ ಪದರ ಕಟ್ಟುತ್ತ ಬೋರಲು ಹಾಕಿದ ಬಟ್ಟಲಿನಂಥ ಗುಬ್ಬಿಗಳಾಗಿ ಬೆಳೆದು ಸುಣ್ಣದ ಕಲ್ಲಾದವಂತೆ. ಜೀವ ಇತ್ತು ಎನ್ನುವುದಕ್ಕೆ ಅದೇ ಗುರುತು. ನಮ್ಮ ಗುಡ್ಡಗಳ ಹಳೆಯ ಕಲ್ಲಿನ ಪದರಗಳಲ್ಲಿ ಅಂಥದೊಂದು ಇದ್ದೇ ಇದೆ ಎಂದು ಅವಳ ಹಟ. ಹಾಗಾಗಿ ಬಾಗಿದ ಪದರ ಕಂಡಲ್ಲೆಲ್ಲ ಸಣ್ಣ ಬಾಟಲಿಯಿಂದ ಒಂದು ತೊಟ್ಟು ಆಸಿಡ್ ಬಿಡುತ್ತಿದ್ದಳು. ಸುಣ್ಣವಿದ್ದರೆ ನೊರೆ ಬರಬೇಕು. ಎಷ್ಟೋ ವರ್ಷ ಬರಲೇ ಇಲ್ಲ. ಗೈಡು ಬೇರೆ ವಿಷಯ ಹಿಡಿ ಎನ್ನತೊಡಗಿದ್ದರು. ಈ ಸಲವೂ ಸಿಗದಿದ್ದರೆ ಎಲ್ಲ ಬಿಟ್ಟು ಶಾಲೆಯಲ್ಲಿ ಪಾಠ ಮಾಡಿಕೊಂಡಿರುತ್ತೇನೆ ಎಂದು ಅವಳು ಅಜ್ಜಿಯ ಹತ್ತಿರ ಅತ್ತದ್ದನ್ನು ನಾನು ಕೇಳಿಸಿಕೊಂಡಿದ್ದೆ.

ಆ ಸಲ ನೊರೆ ಬಂತು. ಬಂದದ್ದು ಗುಡ್ಡದಲ್ಲಲ್ಲ, ನಮ್ಮದೇ ತೋಟದ ಚೌಡಿಕಲ್ಲಿನ ಮೇಲೆ. ಹಳೆಯ ಹಲಸಿನ ಮರದ ಬುಡದಲ್ಲಿ ಆಳೆತ್ತರದ ಬಂಡೆ, ಮೈಯೆಲ್ಲ ಕಮಾನಿನಂಥ ಗೆರೆ. ವರ್ಷಕ್ಕೊಮ್ಮೆ ಅದಕ್ಕೆ ಕೋಳಿ ಕುಯ್ದು ಪೂಜೆ ಮಾಡದೆ ಕುಯ್ಲಿಗೆ ಕೈ ಹಾಕುತ್ತಿರಲಿಲ್ಲ. ಅದಕ್ಕೆ ಚಪ್ಪಲಿ ಕಾಲು ತಾಗಿಸುವಂತಿಲ್ಲ, ಕತ್ತಿ ಮಸೆಯುವಂತಿಲ್ಲ, ಇನ್ನು ಸುತ್ತಿಗೆಯ ಮಾತೆಲ್ಲಿ ಬಂತು? ನೀಲತ್ತೆ ಹಾವಸೆ ಕಟ್ಟಿದ ಮೈಯ ಮೇಲೆ ಒಂದು ತೊಟ್ಟು ಬಿಟ್ಟಳು. ಚುಸ್ಸ್ ಎಂದಿತು. ಇನ್ನೊಂದು ಕಡೆ ಬಿಟ್ಟಳು, ಅಲ್ಲೂ ಚುಸ್ಸ್. ಅವಳು ನನ್ನನ್ನು ಎತ್ತಿಕೊಂಡು ಗಿರ್ರನೆ ತಿರುಗಿಸಿದಳು.

ಅಜ್ಜಯ್ಯನ ಸಂಭ್ರಮ ಕೇಳಬೇಕೇ? ನಮ್ಮಜ್ಜಯ್ಯ ಮೊದಲೇ ಬಾಯಿಬಡುಕರು. ಮೂಡಿಗೆರೆ ಸಂತೆಯಲ್ಲಿ ಸಿಕ್ಕ ಸಿಕ್ಕ ಪ್ಲಾಂಟರುಗಳನ್ನೆಲ್ಲ ನಿಲ್ಲಿಸಿ, "ನಮ್ಮ ತೋಟದಲ್ಲಿ ಸಮುದ್ರ ಇತ್ತಂತೆ ಮಾರಾಯ, ನಮ್ಮ ಹುಡುಗಿ ಕಂಡು ಹಿಡಿದಾಳೆ" ಎನ್ನುತ್ತಿದ್ದರು. "ಹಂಗಾದ್ರೆ ಬಂಗುಡೆ ಮೀನು ನಿಮ್ಮಲ್ಲೇ ಸಿಗುತ್ತೆ ಅನ್ನಿ ಗೌಡ್ರೆ" ಎಂದು ಅವರು ಕಿಚಾಯಿಸಿದರೂ ಇವರಿಗೆ ಲೆಕ್ಕವಿಲ್ಲ. ಮೈಸೂರಿನಲ್ಲಿ ವಿಜ್ಞಾನಿಗಳ ದೊಡ್ಡ ಸಭೆ, ಅಲ್ಲಿ ನೀಲತ್ತೆ ಇದನ್ನು ಓದುವುದು ಎಂದೂ ಗೊತ್ತಾಯಿತು. ಅಜ್ಜಯ್ಯ ಹೊಸ ಕೋಟು ಹೊಲಿಸಿದರು.

ಆದರೆ ನೀಲತ್ತೆಗೆ ಊಟ ಸೇರದಾಯಿತು. ಹೊರಮೈ ನೋಡಿ ಕಲ್ಲಿನ ಬಗ್ಗೆ ಮಾತಾಡಬಾರದು, ಒಳಗಿನ ಹೊಸ ಮುಖ ನೋಡಬೇಕು ಎನ್ನುವುದು ಅವಳ ವಿದ್ಯೆಯ ಮೊದಲ ಪಾಠವಂತೆ. ದೇವರ ಕಲ್ಲು ಎಂದು ಒಡೆದು ನೋಡುವುದೊಂದನ್ನು ಬಿಟ್ಟುಬಿಟ್ಟಿದ್ದಳು. ಕೊನೆಗೆ ಒಂದು ಮಧ್ಯಾಹ್ನ ಅಜ್ಜಯ್ಯನ ಮುಂದೆ ನಿಂತು, "ಅಪ್ಪಯ್ಯ, ಹಿಂದ್ಗಡೆಯಿಂದ ಒಂದು ಚೂರು ತೆಗೀಲೇಬೇಕು" ಎಂದಳು. ಅಜ್ಜಯ್ಯ ಕೆಂಡವಾದರು. "ಚೌಡಿಗೆ ಸುತ್ತಿಗೆ ಹಾಕ್ತೀಯ? ನೊರೆ ಬಂತಲ್ಲ, ಸಾಲ್ದಾ?" "ಸಾಲ್ದು. ಹೊಡೀದೆ ಸಭೇಲಿ ಓದಿದ್ರೆ ನಾನು ಸುಳ್ಳು ಓದಿದಂಗೆ." ಎರಡು ದಿನ ಅಪ್ಪ ಮಗಳಿಗೆ ಮಾತಿಲ್ಲ. ಮೂರನೆಯ ದಿನ ಅಜ್ಜಯ್ಯ ಮಿಂದು ಬಂದು, ತೆಂಗಿನಕಾಯಿ ಒಡೆದು, ಕಲ್ಲಿನ ನೆತ್ತಿಯ ಮೇಲೆ ದಾಸವಾಳ ಇಟ್ಟು ಅಪ್ಪಣೆ ಕೇಳಿದರು. ಹೂವು ಬಲಕ್ಕೆ ಬಿದ್ದರೆ ಒಪ್ಪಿಗೆ. ತುಂಬ ಹೊತ್ತು ಅದು ಅಲುಗಲಿಲ್ಲ, ಆಮೇಲೆ ಬಲಕ್ಕೇ ಬಿತ್ತು. ನಿಮ್ಮಜ್ಜಯ್ಯನೇ ಮೆಲ್ಲಗೆ ಊದಿದರು ಎಂದು ಅಜ್ಜಿ ಸಾಯುವ ತನಕ ಹೇಳುತ್ತಿದ್ದಳು.

ನೀಲತ್ತೆ ಬೆನ್ನಿನ ಕಡೆಯಿಂದ ಉಗುರಿನಷ್ಟು ಚಕ್ಕೆ ಎಬ್ಬಿಸಿದಳು. ಒಳಗಿನ ಹೊಸ ಮುಖದ ಮೇಲೆ ತೊಟ್ಟು ಬಿಟ್ಟಳು. ಸದ್ದಿಲ್ಲ. "ಇನ್ನೊಂದು ಹನಿ ಹಾಕು ಮಗ" ಎಂದರು ಅಜ್ಜಯ್ಯ. ಅದೂ ನೀರಿನ ಹಾಗೆ ಜಾರಿ ಹೋಯಿತು. ಹಲಸಿನ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ಅವಳು ತಲೆಯೆತ್ತಿ ನೋಡಿದಳು. ಚಾಕುವಿನಿಂದ ಕಲ್ಲಿನ ಹಾವಸೆ ಕೆರೆದಾಗ ಅಡಿಯಲ್ಲಿ ನಸುನೀಲಿ ಹೊಪ್ಪಳೆ ಸಿಕ್ಕಿತು. ಅದರ ಮೇಲೆ ಬಿಟ್ಟ ತೊಟ್ಟು ಬುಸುಬುಸು ನೊರೆಯೆದ್ದಿತು. ಕೊಳೆರೋಗಕ್ಕೆಂದು ಮಳೆಗಾಲಕ್ಕೆ ಮುಂಚೆ ಬಳ್ಳಿಗೆ ನಾವೇ ಹೊಡೆಸುತ್ತಿದ್ದ ಬೋರ್ಡೋ ದ್ರಾವಣ, ಮೈಲುತುತ್ತ ಮತ್ತು ಸುಣ್ಣ, ವರ್ಷ ವರ್ಷ ತೊಟ್ಟಿಕ್ಕಿ ಕಲ್ಲಿಗೆ ಅಂಗಿ ತೊಡಿಸಿತ್ತು. "ಅಪ್ಪಯ್ಯ, ಇದು ಸಮುದ್ರ ಅಲ್ಲ. ಬೋರ್ಡೋ" ಎಂದು ನೀಲತ್ತೆ ಅಲ್ಲೇ ಮಣ್ಣಿನ ಮೇಲೆ ಕೂತಳು. ಅಜ್ಜಯ್ಯ ಪಂಚೆ ಮೇಲೆತ್ತಿ ಅವಳ ಪಕ್ಕದಲ್ಲಿ ಕೂತರು. ಆ ಜಾಗದಲ್ಲಿ ಅವರು ಯಾವತ್ತೂ ಕೂತವರಲ್ಲ.

ಸಭೆಗೆ ಅವಳು ಹೋದಳು. ಹೋಗಿ, ಕಂಡದ್ದು ಹೇಗೆ, ಮೋಸಹೋದದ್ದು ಹೇಗೆ ಎಂದು ಎರಡನ್ನೂ ಹೇಳಿ ಬಂದಳು. ಹೊಸ ಕೋಟು ಹಾಕಿ ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಯ್ಯ ಊರಿಗೆ ಬಂದವರೇ ಮೂಡಿಗೆರೆ ಸಂತೆಗೆ ಹೋದರು. ಬೇಡ, ಜನ ನಗುತ್ತಾರೆ ಎಂದು ಅಜ್ಜಿ ತಡೆದಳು. ಜನ ನಕ್ಕರು ಕೂಡ. "ನಗ್ರಿ. ಅವಳ ತಪ್ಪು ಬೇರೆ ಯಾರೂ ಹಿಡಿದಿದ್ದಲ್ಲ, ಅವಳೇ ಹಿಡಿದಿದ್ದು. ನಿಮ್ಮಲ್ಲಿ ಯಾರಾದ್ರೂ ಹಂಗೆ ಒಪ್ಕೊಂಡಿದೀರೇನ್ರೋ?" ಎಂದರಂತೆ. ಸಮುದ್ರದ ಕತೆ ಹೇಳುವಾಗಿನದಕ್ಕಿಂತ ಆವತ್ತು ಅವರ ದನಿ ದೊಡ್ಡದಿತ್ತು ಎಂದು ಜೊತೆಗೆ ಹೋಗಿದ್ದ ಅಪ್ಪ ಹೇಳಿದ. ನೀಲತ್ತೆ ಶಾಲೆಯ ಮಾತನ್ನು ಮತ್ತೆ ಎತ್ತಲಿಲ್ಲ. ಎಷ್ಟೋ ವರ್ಷದ ಮೇಲೆ, ಗುಡ್ಡಸಾಲಿನ ಬಯಲುಸೀಮೆ ಕಡೆಯ ಇಳಿಜಾರಿನಲ್ಲಿ ನಿಜವಾದ ಸುಣ್ಣಕಲ್ಲಿನ ಗುಬ್ಬಿಗಳು ಅವಳಿಗೆ ಸಿಕ್ಕವು. ಒಡೆದು, ಅರೆದು, ಲ್ಯಾಬಿಗೆ ಕಳಿಸಿ, ಎಲ್ಲ ಖಾತ್ರಿಯಾದ ಮೇಲೆ ಒಂದು ತುಂಡನ್ನು ತಂದು ಅಜ್ಜಯ್ಯನ ತೊಡೆಯ ಮೇಲಿಟ್ಟಳು. ಕಣ್ಣು ಮಂಜಾಗಿದ್ದ ಅವರು ಗೆರೆಗಳನ್ನು ಬೆರಳಲ್ಲಿ ಸವರಿ, "ಇದಕ್ಕೂ ಕೋಳಿ ಕೊಡಬೇಕೇನೇ?" ಎಂದರು. ಮುಂದಿನ ಕುಯ್ಲು ನೋಡಲು ಅವರಿರಲಿಲ್ಲ.

ತೋಟ ಪಾಲಾಯಿತು, ಮಾರಾಟವಾಯಿತು. ಕೊಂಡವರು ಮನೆ ಕೆಡವಿ ಕಾಟೇಜು ಕಟ್ಟಿದರು. ಚೌಡಿಕಲ್ಲನ್ನು ಮಾತ್ರ ಮುಟ್ಟಲು ಅವರಿಗೂ ಧೈರ್ಯವಿಲ್ಲ. ಪ್ರೊಫೆಸರಾದ ನೀಲತ್ತೆ ಅವರನ್ನು ಕೇಳಿಕೊಂಡು ಪ್ರತಿ ವರ್ಷ ತನ್ನ ವಿದ್ಯಾರ್ಥಿಗಳನ್ನು ಅಲ್ಲಿಗೇ ಮೊದಲು ಕರೆದುಕೊಂಡು ಬರುತ್ತಿದ್ದಳು. ಸುತ್ತಿಗೆ ಮುಟ್ಟಬೇಡಿ ಎಂದಷ್ಟೇ ಹೇಳಿ ಆಸಿಡ್ ಬಾಟಲಿ ಕೊಡುವಳು. ನೊರೆ ಬರುವುದು, ಹುಡುಗರು ಕುಣಿಯುವರು, ಇವಳು ಕೈಕಟ್ಟಿ ಕಾಯುವಳು. ನಾನು ಜೊತೆಗಿದ್ದ ವರ್ಷ ಕಳಸದ ಕಡೆಯ ಒಂದು ಹುಡುಗಿ ಕುಣಿಯಲಿಲ್ಲ. ಚಾಕು ತೆಗೆದು ಕೆರೆದಳು, ಅಡಿಯಲ್ಲಿ ಮತ್ತೆ ತೊಟ್ಟು ಬಿಟ್ಟು ಕಾದಳು. "ಮೇಡಂ, ಇದು ಮೇಲ್ಗಡೆ ಮಾತ್ರ. ಒಳಗಿಲ್ಲ" ಎಂದಳು, ತಪ್ಪು ಹೇಳಿದೆನೇನೋ ಎಂಬ ಅಳುಕಿನಿಂದ.

ನೀಲತ್ತೆ ನನ್ನ ಕೈ ಹಿಡಿದುಕೊಂಡಳು. "ಅಪ್ಪಯ್ಯ ಇದ್ದಿದ್ರೆ ಈ ಹುಡುಗೀನ ಊಟ ಹಾಕದೆ ಕಳಿಸ್ತಿದ್ರೇನೇ?" ಎಂದಳು. ಹಾಕಲು ಅಲ್ಲಿ ನಮ್ಮ ಒಲೆ ಇರಲಿಲ್ಲ, ಎಲೆ ಹಾಸುವ ಜಗುಲಿ ಇರಲಿಲ್ಲ. ಆಮೇಲೆ ಎಲ್ಲರೂ ಘಾಟಿಯ ಕಲ್ಲು ನೋಡಲು ಹೊರಟು ಕೊಟ್ಟಿಗೆಹಾರದ ಹೋಟೆಲಿನಲ್ಲಿ ನೀರ್‌ದೋಸೆಗೆ ಕೂತೆವು. ನೀಲತ್ತೆ ಆ ಹುಡುಗಿಯನ್ನು ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ಅವಳು "ಸಾಕು ಮೇಡಂ, ಸಾಕು" ಎನ್ನುತ್ತಲೇ ಇದ್ದಳು. ಇವಳು ಕೇಳದೆ, ಥೇಟು ಅಜ್ಜಯ್ಯನಂತೆ, ಇನ್ನೊಂದು ಹಾಕಿಸುತ್ತಲೇ ಇದ್ದಳು.